ಮೂರನೇ ನೀರು

ಹಲ್ಲಿಗೆಂದು ಹೋದವನು ನಾನು.
ಫಳ್ನೀರಿನ ಇಳಿಜಾರಿನಲ್ಲಿ ಹಳೆಯ ಬೋರ್ಡು,
'ಚೀನಾ ದಂತವೈದ್ಯ' ಎಂಬುದರಲ್ಲಿ
ಮಳೆ ತಿನ್ನದೆ ಬಿಟ್ಟದ್ದು 'ದಂತ' ಮಾತ್ರ.
ವೈದ್ಯರು ತೀರಿಹೋಗಿ ಆರು ಮಳೆಗಾಲವಾಯಿತೆಂದು
ಬಾಗಿಲು ತೆರೆದ ಮುದುಕಿ ತುಳುವಿನಲ್ಲಿ ಹೇಳಿದರು,
ನನ್ನದಕ್ಕಿಂತ ಚಂದದ ತುಳು.
"ಹಲ್ಲು ನಮ್ಮವರದ್ದು. ನನ್ನದು ನಾಲಗೆ. ತೋರಿಸಿ."

ಹದಿನೇಳು ವರ್ಷ
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ಲಿಗೆ
ಬಾಗಿಲಲ್ಲಿ ಜೋತು ಕೂಗಿದ ನಾಲಗೆ:
ರೈಟ್ ಪೋಯಿ, ಹಿಂದೆ ಹೋಗಿ, ಚಿಲ್ಲರೆ ಕೊಡಿ.
ಶಾಲೆ ಹುಡುಗನಂತೆ ಚಾಚಿದೆ.
ಬದಿ ಕೆಂಪು, ನಡು ಹಳದಿ, ಎಂದರು ಮೇಯ್‌ಲಾನ್ ಬಾಯಿ
(ಹೆಸರು ಗೊತ್ತಾದದ್ದು ಆಮೇಲೆ).
ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.
ಮೂರು ಬೆರಳು, ಮೂರು ಸ್ಟಾಪು.
ನಡುವಿನ ಸ್ಟಾಪಿನಲ್ಲಿ ತುಂಬ ಜನ ಕಾಯುತ್ತಿದ್ದಾರೆ,
ಬಸ್ಸು ನಿಲ್ಲುತ್ತಿಲ್ಲ:
ಹಾಗಂತ ಅವರು ಹೇಳಲಿಲ್ಲ, ನನಗೆ ತಿಳಿದದ್ದು ಹಾಗೆ.
ಅವರೆಂದದ್ದು: "ನಿಮ್ಮ ಯಕೃತ್ತಿಗೆ ಸಿಟ್ಟು ಬಂದಿದೆ."

ಕಿಟಕಿಯಲ್ಲಿ ದಾರಕ್ಕೆ ಪೋಣಿಸಿದ ಕಿತ್ತಳೆ ಸಿಪ್ಪೆ.
ಹಳತಾದಷ್ಟೂ ಗುಣವಂತೆ.
(ನಮ್ಮಲ್ಲಿ ಹಾಗೆ ಹಳತಾಗುವುದು
ಮಾವಿನ ಮಿಡಿ, ಮತ್ತೆ ಪಾಲಿನ ಕೇಸು.)
ಬಂದರಿನ ಯಾವನೋ ಹಡಗಿನ ಅಡುಗೆಯವ ತಂದ
ಒಣ ಸೇವಂತಿಗೆ, ಉಗುರಿನಷ್ಟು.
ಒಂದು ಚಿಟಿಕೆ ಹಸಿರು ಚಹಾದೆಲೆ.
ಮೊದಲ ನೀರು ಹೊಯ್ದರು, ಚೆಲ್ಲಿಯೇ ಬಿಟ್ಟರು!
ನನಗೆ ಹೊಟ್ಟೆ ಉರಿಯಿತು, ಟಿಕೇಟು ಹರಿಯದ ಟ್ರಿಪ್ಪು ಕಂಡ ಹಾಗೆ.
"ಅದು ಎಲೆಗೆ ಎಚ್ಚರವಾಗಲಿಕ್ಕೆ."
ಎರಡನೆಯದು ಕುಡಿದೆ. ಹುಲ್ಲು.
ಸಕ್ಕರೆ ಕೇಳಿದೆ. ಕೊಡಲಿಲ್ಲ.
"ಮೂರನೇ ನೀರು ಮುಗಿಯುವವರೆಗೆ ಮಾತಾಡಬಾರದು."

ಹಲ್ಲು ಕೀಳುವ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತೆ.
ಹೊರಗೆ ಯಾರದ್ದೋ ಬಸ್ಸು, ಯಾರದ್ದೋ ಸೀಟಿ.
ಲೋಟದ ತಳದಲ್ಲಿ ಹೂವೊಂದು
ನಿಧಾನ ಮುಷ್ಟಿ ಬಿಚ್ಚಿತು,
ಬೆವರಿದ ಚಿಲ್ಲರೆ ಕೊಡುವ ಮಗುವಿನ ಹಾಗೆ.

ಗಂಟಲು ಸರಿಯಾಯಿತೆ? ಪೂರ್ತಿ ಇಲ್ಲ,
ಸುಳ್ಳು ಯಾಕೆ ಹೇಳಲಿ.
ಹಲ್ಲನ್ನು ಕಂಕನಾಡಿಯಲ್ಲಿ ಕೀಳಿಸಿದೆ.
ಆದರೆ ಗುರುವಾರದ ರಜೆಗೆ ಕಾಲು ತಾನಾಗಿ ಫಳ್ನೀರಿಗೆ.
ಮನೆಯಲ್ಲಿ ವಾರಿಜಳ ಗೊಣಗು:
"ಜೀರಿಗೆ ಕಷಾಯ ಮಾಡಿಟ್ಟರೆ ಮೂಸಿಯೂ ನೋಡದವರು,
ಮಾತಾಡದೆ ಕೂರಲಿಕ್ಕೆ ಅಷ್ಟು ದೂರ ಹೋಗಬೇಕಾ?"

ಒಂದು ದಿನ ಬಾಯಿ
ಮಣ್ಣಿನ ಕುಡಿಕೆಯಲ್ಲಿ ಏನೋ ಬೇರು ಕುದಿಸುತ್ತಿದ್ದರು.
ಕಲಕಲು ನಾನು ಚಮಚ ಎತ್ತಿದ್ದೇ ತಡ,
"ಬೇಡ! ಇದಕ್ಕೆ ಕಬ್ಬಿಣ ತಾಗಬಾರದು."

ಕೈ ಅಲ್ಲೇ ನಿಂತಿತು.
ಆಟಿ ಅಮಾವಾಸ್ಯೆ, ಕಾಗೆ ಕೂಗುವ ಮುಂಚೆ,
ಕತ್ತಲಲ್ಲಿ ಪಾಲೆಮರದ ಬುಡ,
ಕೈಗೆ ಕಲ್ಲು ಕೊಟ್ಟು ಅಮ್ಮ ಹೇಳಿದ್ದಳು:
ಕಲ್ಲಲ್ಲೇ ಕೆತ್ತು. ಕತ್ತಿ ಮುಟ್ಟಿದರೆ ಮರ
ಕಹಿಯನ್ನಷ್ಟೇ ಕೊಡುತ್ತದೆ, ಮದ್ದು ಕೊಡುವುದಿಲ್ಲ.

ಈ ಸಲದ ಆಟಿಗೆ ನಾನೇ ಹೋಗಿ ಕೆತ್ತಿದೆ.
ಬೆಳ್ಳುಳ್ಳಿ, ಓಮ, ಕರಿಮೆಣಸು ಅರೆದು ಸೇರಿಸಿ
ಕಾಯಿಸಿದ ಬಿಳಿಗಲ್ಲು ಅದ್ದಿ ಚೊಯ್ಯೆನಿಸಿದ ವಾರಿಜ
ಸ್ಟೀಲಿನ ತೂಕುಪಾತ್ರೆ ಬದಿಗಿಟ್ಟು
ಗಾಜಿನ ಬಾಟಲಿ ಹುಡುಕಿದಳು.
ನಾನು ಹೇಳಿರಲಿಲ್ಲ.
ಜೊತೆಗೊಂದು ಡಬ್ಬಿಯಲ್ಲಿ ಮೆಂತೆ ಗಂಜಿ:
"ಆಮೇಲೆ ಇದನ್ನೂ ಕೊಡಿ. ವಯಸ್ಸಾದವರು, ಉಷ್ಣವಾದೀತು."

ಬಾಯಿ ಒಂದೇ ಗುಟುಕಿಗೆ ಕುಡಿದರು.
ಮುಖದ ನಿರಿಗೆಗಳೆಲ್ಲ ಮೂಗಿನ ಹತ್ತಿರ ಬಂದವು.
ಕೆಮ್ಮಿದರು, ಕಣ್ಣೊರೆಸಿದರು.
"ಇದಕ್ಕೆ ಎಷ್ಟು ನೀರು?"
"ಒಂದೇ, ಬಾಯಿ. ಚೆಲ್ಲುವ ಹಾಗಿಲ್ಲ."
ಮತ್ತೆ ನನಗೇನಾಯಿತೋ, ಹೇಳಿಬಿಟ್ಟೆ:
"ನಾಲಗೆ ತೋರಿಸಿ."

ತೋರಿಸಿದರು.
ನನಗೇನು ತಿಳಿಯುತ್ತದೆ, ಮಣ್ಣು!
ಆದರೂ ಬಗ್ಗಿ ನೋಡಿದೆ,
ಮುದುಡಿದ ಟಿಕೇಟನ್ನು ಬೆಳಕಿಗೆ ಹಿಡಿದ ಹಾಗೆ:
ನಿಮ್ಮ ಸ್ಟಾಪು ಬರಲಿಕ್ಕೆ ತುಂಬ ಉಂಟು,
ಕೂತುಕೊಳ್ಳಿ.